ಜೂನ್ ಒಂದು

ಸೇಡಂ ಖಜಾನಿಯ ಈ ಮೇಜಿನ ಮ್ಯಾಲ
ಮೂವತ್ತೊಂದು ವರ್ಷ ಮಂದಿ ಆಯುಷ್ಯ ಗುಣಿಸೀನಿ.
ಇವತ್ತ ನನ್ನ ಪಾಳಿ.
ಕೂಲರಿನಾಗ ನೀರು ಬತ್ತಿ ಬರೇ ಸದ್ದು,
ಚಪ್ಪಲಿ ಬಿಟ್ಟ ಅಂಗಾಲಿಗಿ ಶಹಾಬಾದ ಪರಸಿ ಕೆಂಡ.
'ನಮೂನಿ ತುಂಬ್ರಿ ಸರ್' ಅಂತಾಳ ಹೊಸಾ ಹುಡುಗಿ.
ನನ್ನ ಕುರ್ಚಿಯ ಕುಂಟಗಾಲು
ಆಕಿಗಿನ್ನೂ ರೂಢಿ ಆಗಿಲ್ಲ.

ವಿಷಯ ಸರಳ ಅದ.
ಪಿಂಚಣಿಯ ಮೂರನೇ ಒಂದು ಪಾಲು ಸರ್ಕಾರಕ್ಕ ಮಾರು,
ಇಡಿಗಂಟು ಈಗಲೇ ತಗೋ.
ತಿಂಗಳಾ ಬರೂದಕ್ಕ ತೆರಿಗಿ ಅದ, ಗಂಟಿಗಿ ಇಲ್ಲ.
ಹದಿನೈದು ವರ್ಷ ಕಳದ ಮ್ಯಾಲ
ಮಾರಿದ ಪಾಲು ತಿರುಗಿ ಬರ್ತದ,
ನೀ ಇದ್ರ.

ಆ 'ಇದ್ರ' ಅನ್ನೂದು
ನಾ ಯಾರಿಗೂ ಜೋರಾಗಿ ಹೇಳಿದಾಂವ ಅಲ್ಲ.
ಕೆಮ್ಮಿದಂಗ ಮಾಡಿ, ಸಹಿ ಜಾಗಾ ತೋರಸ್ತಿದ್ದೆ.

ನೀರಾವರಿ ಇಲಾಖೆಯ ಲಾಡ್ಲೇಸಾಬರು
ಪ್ರತಿ ನವೆಂಬರಿಗಿ ಬಂದು
'ಇದ್ದೀನಿ ನೋಡಪ್ಪಾ, ಬರಕೋ' ಅಂತಿದ್ರು.
ಹದಿನೈದು ತುಂಬಿದ ದಿನ ಮಾಲಪುರಿ ತಂದು
ಇಡೀ ಖಜಾನಿಗಿ ಹಂಚಿದ್ರು, ಆಡಿಟ್ ಮಂದಿಗೂ.
'ಗೆದ್ದೆ' ಅಂದ್ರು. ತುಪ್ಪದ ಬೆರಳಚ್ಚು
ಅವರ ಕಡತದ ಮ್ಯಾಲ ಇನ್ನೂ ಅದ.

ಗುರುಬಸಮ್ಮ ಬಂದಾಗ ಗಂಡ ಹೋಗಿ ತಿಂಗಳಾಗಿತ್ತು.
ಮುಧೋಳದ ಮಾಸ್ತರ, ಗಂಟು ತಗೊಂಡು ಎರಡೇ ವರ್ಷ.
'ಉಳಿದದ್ದು ನಾ ತುಂಬಬೇಕೇನ್ರಿ?' ಬಾಗಲದಾಗೇ ನಿಂತು ಕೇಳಿದ್ಳು.
ಇಲ್ಲವ್ವ, ಅವರ ಜೋಡಿ ಕಡಿತಾನೂ ಮುಗೀತು ಅಂದೆ.
ಬೆರಳು ಮಡಚಿ ಮಡಚಿ ಎಣಿಸಿದ್ಳು.
'ಹಂಗಾದ್ರ ನಮಗ ಲಾಭಾನೇ ಆತಲ್ಲ' ಅಂದಾಕಿ
ಥಟ್ಟನೆ ಸೆರಗು ಬಾಯಿಗಿ ಒತ್ಕೊಂಡ್ಳು.
ಆ ದಿನ ನಾ ಊಟದ ಡಬ್ಬಿ ಬಿಚ್ಚಲಿಲ್ಲ.

ಮನ್ಯಾಗ ಕಸ್ತೂರಿಬಾಯಿ ರೊಟ್ಟಿ ಬಡೀತಾಳ,
ಆರು ಖಾನಾವಳಿಗಿ, ದಿನಾ ನಾಕನೂರು.
ಬಾಡಿಗಿ ಶೆಡ್ಡಿನ ಮಾಲಕ ಎಬ್ಬಸ್ಲಾಕ ನಿಂತಾನ.
ನಾ ಕೋಷ್ಟಕ ತಂದು ತಿಳಿಸಿ ಹೇಳಿದೆ:
ಇಷ್ಟು ಕಳೀತೀವಿ, ಇಷ್ಟು ಬರ್ತದ,
ಎಪ್ಪತ್ತೈದರ ತನಕ ಇದ್ರ ಹಿಂಗ, ಇರದಿದ್ರ ಹಂಗ.
ಆಕಿ ಬಡಿಯೂದು ನಿಲ್ಲಿಸಲಿಲ್ಲ.
'ಹದಿನೈದು ವರ್ಷದ ಮ್ಯಾಲ ರೊಕ್ಕ ಬಂದೀತು,
ಈ ರಟ್ಟಿ ಬರ್ತಾವೇನು?'
ಹಂಚಿನ ಮ್ಯಾಲ ರೊಟ್ಟಿ ಉಬ್ಬಿತು.
ನನ್ನ ಕೋಷ್ಟಕದ ಮ್ಯಾಲ ಹಿಟ್ಟು ಬಿತ್ತು.

'ಜನ್ಮ ದಿನಾಂಕ, ಸರ್?'
ಗುಣಾಕಾರ ಎಲ್ಲಾ ಇದರ ಮ್ಯಾಲೇ ನಿಂತದ.
ಜೂನ್ ಒಂದು.
ಹುಡುಗಿ ನಗ್ತಾಳ: 'ನಮ್ಮ ಅಪ್ಪಂದೂ ಅದೇ ರೀ.'
ಅರ್ಧ ತಾಲೂಕು ಅದೇ ದಿನ ಹುಟ್ಯಾದ ತಂಗಿ,
ಎಷ್ಟು ಸೂಲಗಿತ್ತಿಯರು ಓಡಾಡಿದ್ರೋ ಏನೋ.

ಅವ್ವ ಹೇಳೂದು ಬ್ಯಾರೆ ಇತ್ತು.
ಕಾಗಿಣಾ ಉಕ್ಕಿ ಮಳಖೇಡದ ಓಣಿಗಿ ಬಂದ ವರ್ಷ,
ನೀರು ಇಳಿದು, ತೊಗರಿ ಹೂ ಬಿಡೂ ಹೊತ್ತಿಗಿ ನೀ ಹುಟ್ಟಿದಿ.
ಯಾವ ವರ್ಷ ಅದು? ನದಿ ಭಾಳ ಸಲ ಬಂದದ.
ಸಾಲಿಗಿ ಹೆಸರು ಹಚ್ಚೂವಾಗ ರಾಣೋಜಿ ಮಾಸ್ತರ
ಅವ್ವನ ಹೂವು, ಹೊಳಿ ಒಂದೂ ಬರಕೊಳ್ಳಲಿಲ್ಲ.
'ತಲಿ ಮ್ಯಾಲಿಂದ ಕೈ ಹಾಕಿ ಆ ಕಡಿ ಕಿವಿ ಹಿಡಿಯಲೇ' ಅಂದ್ರು.
ಎಟುಕಿತು.
ಎಟುಕಿದ್ದಕ್ಕ ಆರು ವರ್ಷ ಅಂತ ಬರದ್ರು.

ಆ ಕಿವಿ ಹಿಡದೇ ನೌಕರಿಗಿ ಸೇರಿದೆ,
ಆ ಕಿವಿ ಹಿಡದೇ ಇವತ್ತ ಬಿಡ್ತೀನಿ.
ಸರ್ಕಾರ ನನ್ನ ಸಾವಿನ ಲೆಕ್ಕ
ನಾಕು ದಶಾಂಶದ ತನಕ ಹಾಕ್ಯಾದ,
ಹುಟ್ಟಿದ್ದು ಮಾತ್ರ ಅಂದಾಜು.

ಮೂರನೇ ಒಂದು ಪಾಲು, ಪೂರ್ತಿ, ಅಂತ ಬರದೆ.
ಶೆಡ್ಡಿನ ಜಾಗಾ ಸೋಮವಾರ ನೋಡೂದು ಅದ.
ಸಹಿಗಿಂತ ಮೊದಲ, ಹುಡುಗಿ ಮುದ್ರಿ ಹುಡುಕೂವಾಗ,
ಯಾಕೋ ಬಲಗೈ ಎತ್ತಿ
ತಲಿ ಮ್ಯಾಲಿಂದ ಆ ಕಡಿ ಇಳಿಬಿಟ್ಟೆ.
ಹೆಗಲು ಕಟ್ ಅಂತು. ಬೆರಳು
ಸ್ವಲ್ಪ ತಡಾ ಮಾಡಿ
ಕಿವಿ ತುದಿ ಮುಟ್ಟಿದ್ವು.